ಯಾರೂ ತಿನ್ನದ ಗಿಡ

ಹೋದ ವರ್ಷ ಜೂನ್ ತಿಂಗಳಲ್ಲಿ ನನ್ನ ಗಿಡದ ವ್ಯಾಪಾರಕ್ಕೆ ಅಲ್ಲಿಯವರೆಗಿನ ಅತಿ ದೊಡ್ಡ ಆರ್ಡರ್ ಬಂತು. 150 ಲಂಟಾನ ಗಿಡ. ಹಳದಿ, ಕೇಸರಿ, ಗುಲಾಬಿ ಮೂರೂ ಬಣ್ಣ ಇರಬೇಕು, ಹೂ ಬಿಟ್ಟಿದ್ದರೆ ಇನ್ನೂ ಒಳ್ಳೆಯದು, ದುಡ್ಡು ಮುಂಗಡ. ಕೇಳಿದವರು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಹೊಸದಾಗಿ ಹೋಂಸ್ಟೇ ಕಟ್ಟಿಸುತ್ತಿದ್ದವರು. ಕಾಂಪೌಂಡಿನುದ್ದಕ್ಕೂ ಹೂವಿನ ಬೇಲಿ ಮಾಡ್ಬೇಕಂತೆ.

ಮೊದಲು ನನ್ನ ವ್ಯಾಪಾರದ ಕಥೆ ಹೇಳಿಬಿಡ್ತೀನಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವಳು. ಊರು ಕೊಳ್ಳೇಗಾಲ. ಕೊರೋನಾ ಕಾಲದಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಹೋಗಿ ಕೂತಾಗ, ಹಿತ್ತಲಿನ ಮನಿಪ್ಲಾಂಟ್ ತುಂಡುಗಳನ್ನು ಹಳೇ ಹಾರ್ಲಿಕ್ಸ್ ಬಾಟಲಿಗಳಲ್ಲಿ ಬೇರು ಬರಿಸಿ ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿದ್ದೆ. 'ಕೊಡ್ತೀರಾ?' ಅಂತ ನಾಲ್ಕು ಜನ ಕೇಳಿದರು. ಕೊಟ್ಟೆ. ಆಮೇಲೆ ನಲವತ್ತು ಜನ ಕೇಳಿದರು. ಆಫೀಸು ಮತ್ತೆ ಬೆಂಗಳೂರಿಗೆ ಕರೆಸಿಕೊಂಡ ಮೇಲೂ ವ್ಯಾಪಾರ ನಿಲ್ಲಲಿಲ್ಲ. ವಾರವಿಡೀ ಅಮ್ಮ ನೀರು ಹಾಕ್ತಾಳೆ, ವೀಕೆಂಡಿಗೆ ಬಸ್ ಹತ್ತಿ ಹೋಗಿ ನಾನು ಪ್ಯಾಕ್ ಮಾಡ್ತೀನಿ, ಸೋಮವಾರ ಪಾರ್ಸೆಲ್ ಹೊರಡುತ್ತದೆ. ಸಂಬಳದ ಮುಂದೆ ಇದು ಚಿಲ್ಲರೆ ಕಾಸು. ಆದರೆ ಸಂಬಳ ಬಂದ ಮೆಸೇಜ್ ನೋಡಿದಾಗ ಆಗದ ಖುಷಿ, 'ಅಕ್ಕಾ, ಚಿಗುರು ಬಂತು' ಅನ್ನೋ ಮೆಸೇಜ್ ನೋಡಿದಾಗ ಆಗುತ್ತಿತ್ತು.

ಎರಡು ವರ್ಷ ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಖರ್ಚಾದ ಗಿಡ ಲಂಟಾನ. ಬೇರು ಬಂದ ಮೂರು ಗಿಡಕ್ಕೆ 149 ರೂಪಾಯಿ. ಇದನ್ನು ಬೆಳೆಸುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣಿಗಿಂತ ಕಮ್ಮಿ ಉದ್ದಕ್ಕೆ ಕತ್ತರಿಸಬೇಕು. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಕೋಕೋಪೀಟ್‌ನಲ್ಲಿ ಒಂದು ಗಿಣ್ಣು ಮುಳುಗುವಂತೆ ಚುಚ್ಚಬೇಕು. ಎರಡು ಮೂರು ವಾರದಲ್ಲಿ ಬೇರು. ಬಿಸಿಲಿಗೆ ಹೆದರಲ್ಲ. ಒಂದು ವಾರ ಪಾರ್ಸೆಲ್ ಡಬ್ಬಿಯಲ್ಲಿ ಕತ್ತಲಲ್ಲಿ ಬಿದ್ದಿದ್ದರೂ ಸಾಯಲ್ಲ. ನೀರು ಹಾಕೋದು ಮರೆತವರ ಮನೆಯಲ್ಲೂ ಬದುಕುತ್ತದೆ. ವರ್ಷದಲ್ಲಿ ಹೆಚ್ಚು ತಿಂಗಳು ಹೂ. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ. ಚಿಟ್ಟೆ ಬರುತ್ತದೆ, ಮೇಕೆ ಬಾಯಿ ಹಾಕಲ್ಲ. ಇವನ್ನೆಲ್ಲ ನಾನೇ ಸಾಲಾಗಿ, ಪ್ರತಿ ಸಾಲಿನ ಮುಂದೂ ಹಸಿರು ಟಿಕ್ ಗುರುತು ಹಾಕಿ ಬರೆದಿದ್ದೆ.

ಆರ್ಡರ್ ಬಂದ ಶನಿವಾರ, ಹನೂರು ರಸ್ತೆಯಲ್ಲಿ ಹಿಪ್ಪುನೇರಳೆ ತೋಟ ಇಟ್ಟಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. 150 ಗಿಡ ಸಾಗಿಸೋಕೆ ಅವರ ಲಗೇಜ್ ಆಟೋ ಬೇಕಿತ್ತು. ಎಲ್ಲಿಗೆ, ಯಾವ ಗಿಡ ಅಂತ ಕೇಳಿದ ಮಾವ ಒಂದು ನಿಮಿಷ ನಕ್ಕರು. "ಬೆಟ್ಟಕ್ಕ ಲಂಟಾನ ತಕ್ಕೊಂಡೋಯ್ತಿಯ ಕೂಸೆ? ತಿರುಪತಿಗ ಲಾಡು ತಕ್ಕೊಂಡೋದಂಗಾಯ್ತು ಬುಡು." ಪಕ್ಕದಲ್ಲೇ ಇದ್ದ ಅಜ್ಜಿ ಫೋನ್ ಕಿತ್ತುಕೊಂಡರು. ಅಜ್ಜಿಯ ತವರು ಹನೂರು ದಾಟಿ ಕೌದಳ್ಳಿ ಕಡೆ. "ಅದ್ನ ದುಡ್ ಕೊಟ್ಟು ತಕ್ಕತಾರ? ನಾವು ದುಡ್ ಕೊಟ್ಟು ಕೀಳುಸ್ತಿದ್ದೊ!"

ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಒಂಥರಾ ಆಯಿತು. ಎರಡು ವರ್ಷದಿಂದ ಮಾರುತ್ತಿರುವ ಗಿಡ ಎಲ್ಲಿಂದ ಬಂತು ಅಂತ ಒಂದು ಸಲವೂ ಹುಡುಕಿರಲಿಲ್ಲ. ಆವತ್ತು ರಾತ್ರಿ ಹುಡುಕೋಕೆ ಕೂತೆ. ಆಮೇಲಿನ ಎಷ್ಟೋ ವೀಕೆಂಡ್ ಅದಕ್ಕೇ ಹೋಯಿತು. ಸಿಕ್ಕಿದ್ದನ್ನು ಇಲ್ಲಿ ಬರೀತಿದ್ದೀನಿ.

ಲಂಟಾನ ನಮ್ಮ ದೇಶದ್ದಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿ ಪ್ರದೇಶಗಳು. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ಚಳಿಗೆ ಹೊರಗೆ ಬದುಕದ ಗಿಡವನ್ನು ಗಾಜಿನ ಮನೆಗಳಲ್ಲಿಟ್ಟು ಸಾಕಿದರು. ತೋಟಗಾರರು ಒಂದಕ್ಕೊಂದು ಬೆರೆಸಿ ಹೊಸ ಹೊಸ ಬಣ್ಣ ಹುಟ್ಟಿಸಿದರು, ಅವನ್ನು ಕಡ್ಡಿಯಿಂದ ಹೆಚ್ಚಿಸಿ ಮಾರಿದರು. ಈಗ ನಾವು ಲಂಟಾನ ಅನ್ನುವುದು ಒಂದು ಕಾಡುಗಿಡವನ್ನಲ್ಲ. ನರ್ಸರಿಯವರ ಕೈಯಲ್ಲಿ ನೂರಾರು ವರ್ಷ ಬೆರೆತು ತಯಾರಾದ ತಳಿಗಳ ಒಂದು ದೊಡ್ಡ ಬಳಗವನ್ನು. ಅಂದರೆ ಇದನ್ನು ಗಟ್ಟಿಮುಟ್ಟು ಮಾಡಿದ್ದರಲ್ಲಿ ನನ್ನಂಥ ಗಿಡ ಮಾರುವವರ ಪಾಲೂ ಇದೆ.

ಅಲ್ಲಿಂದ ಅದು ಹಡಗು ಹತ್ತಿ ಭಾರತಕ್ಕೆ ಬಂತು. 1809ರ ಹೊತ್ತಿಗೆ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇತ್ತು ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ದಾಖಲೆ. ಆಗ ಆ ಉದ್ಯಾನದ ಮುಖ್ಯಸ್ಥ ವಿಲಿಯಂ ರಾಕ್ಸ್‌ಬರ್ಗ್. ಅವನ ನಂತರ, 1814ರಲ್ಲಿ, ಆ ಜಾಗಕ್ಕೆ ಬಂದವನ ಹೆಸರು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ಫ್ರಾನ್ಸಿಸ್ ಬುಕಾನನ್.

ಬುಕಾನನ್ ನಮ್ಮ ಊರಿನ ಕಡೆಯವರಿಗೆ ಹೊಸಬನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಹೇಗೆ ಬದುಕುತ್ತಾರೆ ಅಂತ ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಡಾಕ್ಟರನ್ನು ಕಳಿಸಿದ. 1800ರಲ್ಲಿ ಆತ ಸತ್ತೇಗಾಲ, ಹನೂರು, ಕೌದಳ್ಳಿ ಮಾರ್ಗವಾಗಿ ಕಾವೇರಿಪುರದ ಘಾಟಿ ಇಳಿದು ಕೊಯಮತ್ತೂರಿನ ಕಡೆ ಹೋದ. ದಾರಿಯ ಮರ, ಬೆಳೆ, ಕೆರೆ, ಸುಂಕ, ಎಲ್ಲವನ್ನೂ ಬರೆದುಕೊಂಡ. ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮಜ್ಜಿಯ ತವರಿನ ಕಾಡನ್ನು ಲಂಟಾನ ಬರುವ ಮುಂಚೆ ನಡೆದು ನೋಡಿ, ಬರೆದಿಟ್ಟ ಮನುಷ್ಯ, ಹದಿನಾಲ್ಕು ವರ್ಷದ ಮೇಲೆ ಅದೇ ಲಂಟಾನ ಬೆಳೆಯುತ್ತಿದ್ದ ತೋಟದ ಮೇಲ್ವಿಚಾರಕನಾದ. ಚೆಂದದ ಹೂವಿನ ಒಂದು ಗಿಡ ಮುಂದೆ ತಾನು ನಡೆದು ಬಂದ ಕಾಡಿಗೇ ಹೋಗಿ ಕೂರುತ್ತದೆ ಅಂತ ಅವನಿಗೆ ಹೇಗೆ ಹೊಳೆಯಬೇಕು? ಅವನೊಬ್ಬನೇ ಅಲ್ಲ, ಆಗ ಯಾರಿಗೂ ಹೊಳೆಯಲಿಲ್ಲ.

ಮುಂದೆ ಗಿಡದ ವ್ಯಾಪಾರ ಸುಲಭವಾಯಿತು. 1829ರಲ್ಲಿ ನಥಾನಿಯಲ್ ವಾರ್ಡ್ ಅನ್ನುವ ಲಂಡನ್ನಿನ ಡಾಕ್ಟರೊಬ್ಬ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಗಿಡ ತಾನೇ ಬದುಕಿಕೊಳ್ಳುವುದನ್ನು ಗಮನಿಸಿದ. ಎಲೆಯಿಂದ ಆರಿದ ನೀರು ಗಾಜಿಗೆ ಕೂತು ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದರೂ ಅವು ಬದುಕಿ ತಲುಪಿದವು. 'ವಾರ್ಡಿಯನ್ ಪೆಟ್ಟಿಗೆ' ಅಂತ ಹೆಸರಾದ ಇದರಲ್ಲೇ ರಾಬರ್ಟ್ ಫಾರ್ಚೂನ್ ಚೀನಾದಿಂದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ್ದು. ನಾನು ಒದ್ದೆ ತೆಂಗಿನ ನಾರು ಸುತ್ತಿ, ತೂತು ಹೊಡೆದ ರಟ್ಟಿನ ಡಬ್ಬಿಗೆ ಟೇಪ್ ಹಚ್ಚುವಾಗ ಮಾಡುತ್ತಿದ್ದದ್ದು ಅದೇ ಕೆಲಸದ ಬಡ ಆವೃತ್ತಿ.

ಲಂಟಾನ ಎಲ್ಲ ಕಡೆ ಹೋಯಿತು. 1841ರಲ್ಲಿ ಆಸ್ಟ್ರೇಲಿಯಾದ ತೋಟವೊಂದರಲ್ಲಿ ಅಲಂಕಾರದ ಗಿಡವಾಗಿತ್ತು. ಇಪ್ಪತ್ತೇ ವರ್ಷದಲ್ಲಿ ಸಿಡ್ನಿ, ಬ್ರಿಸ್ಬೇನ್ ಸುತ್ತ ಬೇಲಿ ಹಾರಿ ಕಾಡು ಸೇರಿತ್ತು. 1858ರಲ್ಲಿ ಹವಾಯಿಗೆ ಹೋಯಿತು. 1902ರ ಹೊತ್ತಿಗೆ ಅದನ್ನು ತಿನ್ನಲು ಮೆಕ್ಸಿಕೋದಿಂದ ಹುಳ ತರಿಸುವ ಪರಿಸ್ಥಿತಿ ಬಂದಿತ್ತು. ನಮ್ಮಲ್ಲಿ ಬಂಗಲೆಗಳ ಸುತ್ತ, ತೋಟಗಳ ಅಂಚಿಗೆ ಬೇಲಿಯಾಯಿತು. ದನ ಮೇಯದ ಬೇಲಿ ಯಾರಿಗೆ ಬೇಡ? ಒಂದು ಗಿಡ ವರ್ಷಕ್ಕೆ 12,000 ಹಣ್ಣುಗಳವರೆಗೆ ಬಿಡಬಲ್ಲದು ಅನ್ನುತ್ತಾರೆ. ಪಿಕಳಾರ ಹಕ್ಕಿಗಳು ಆ ಕಪ್ಪು ಹಣ್ಣು ತಿಂದು ಎಲ್ಲಿ ಕೂತವೋ ಅಲ್ಲಿ ಬೀಜ ಬಿತ್ತು. ಬೇಲಿಗೆ ಅಂತ ತಂದ ಗಿಡಕ್ಕೇ ಬೇಲಿ ಇರಲಿಲ್ಲ.

ಇಷ್ಟು ಓದಿದ ಮೇಲೆ ನನಗೊಂದು ವಾದ ಹೊಳೆಯಿತು. ವ್ಯಾಪಾರಿಗೆ ಯಾವಾಗಲೂ ಒಂದು ವಾದ ಹೊಳೆಯುತ್ತೆ. ಹೊರಗಿನಿಂದ ಬಂದ ಗಿಡಗಳೆಲ್ಲ ಕೆಟ್ಟವಾ? ನಮ್ಮ ಟೊಮ್ಯಾಟೊ, ಮೆಣಸಿನಕಾಯಿ, ಸೀಬೆ ಎಲ್ಲ ಅಮೆರಿಕದವೇ. ಅಷ್ಟೇಕೆ, ನಮ್ಮ ಕೊಳ್ಳೇಗಾಲ ಹೆಸರು ಮಾಡಿದ್ದೇ ಹೊರಗಿನಿಂದ ಬಂದ ಒಂದು ಕಸುಬಿನಿಂದ, ಕಡ್ಡಿ ನೆಟ್ಟು ಬೆಳೆಸುವ ಒಂದು ಗಿಡದಿಂದ. ಸೋಮವಾರ ರಜೆ ಹಾಕಿ ಮಾವನ ಹಿಪ್ಪುನೇರಳೆ ತೋಟಕ್ಕೆ ಹೋದೆ.

ಮೈಸೂರು ಸೀಮೆಯ ರೇಷ್ಮೆಯ ಕಥೆ ಸಾಮಾನ್ಯವಾಗಿ ಟಿಪ್ಪುವಿನಿಂದ ಶುರುವಾಗುತ್ತದೆ. 1780ರ ದಶಕದಲ್ಲಿ ಅವನು ಬರೆಸಿದ ಪತ್ರಗಳಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸುವ, 21 ಕಡೆ ಅವನ್ನು ಸಾಕಿಸುವ ಯೋಚನೆ ಕಾಣುತ್ತದೆ. 1799ರ ನಂತರ ಕೊಳ್ಳೇಗಾಲ ಮೈಸೂರಿಗೆ ಸೇರಲಿಲ್ಲ. ಕಂಪನಿ ಅದನ್ನು ತಾನೇ ಇಟ್ಟುಕೊಂಡಿತು, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿಸಿತು. ಹದಿನೈದಿಪ್ಪತ್ತು ಕಿಲೋಮೀಟರ್ ಆಚೆಯ ಯಳಂದೂರು ಮೈಸೂರಿನಲ್ಲೇ ಉಳಿಯಿತು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಹೀಗೆ ಅಕ್ಕಪಕ್ಕದ ಎರಡು ಊರು ಒಂದೂವರೆ ಶತಮಾನ ಬೇರೆ ಬೇರೆ ಸರ್ಕಾರದ ಕೆಳಗೆ ಇದ್ದವು. ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಹುಳು ಸಾಕಣೆ ಅಂದರೆ ಹೆಚ್ಚುಕಡಿಮೆ ಕೊಳ್ಳೇಗಾಲ ತಾಲ್ಲೂಕು ಒಂದೇ ಆಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ, ಮದ್ರಾಸಿನವರು ಒಂದು ತಾಲ್ಲೂಕಿನ ಜೊತೆ ಒಂದು ಉದ್ಯಮವನ್ನೇ ಕಳೆದುಕೊಂಡರು.

ಈ ಎಲ್ಲದರ ಬುಡದಲ್ಲಿರುವುದು ಒಂದು ಕಡ್ಡಿ. ಮಾವ ತೋರಿಸಿದರು. ಆರರಿಂದ ಎಂಟು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಬೇಕು. ಮೂರು ನಾಲ್ಕು ಕಣ್ಣು ಬರುವಂತೆ, ಸಿಪ್ಪೆ ಸೀಳದಂತೆ ಓರೆಯಾಗಿ ಕತ್ತರಿಸಬೇಕು. ಕಣ್ಣು ಮೇಲ್ಮುಖವಾಗಿರಬೇಕು, ತಲೆಕೆಳಗಾಗಿ ಚುಚ್ಚಿದರೆ ಮುಗೀತು. ಮಳೆ ನಂಬಿದ ಹೊಲದಲ್ಲಿ ಮೂರಡಿಗೊಂದು ಗುಣಿ ತೋಡಿ, ಗುಣಿಗೆ ಮೂರು ಕಡ್ಡಿ. ಮೊದಲೆಲ್ಲ ಇದ್ದದ್ದು 'ಮೈಸೂರು ಲೋಕಲ್' ಅನ್ನುವ ನಾಟಿ ತಳಿ. ಆಮೇಲೆ ಚನ್ನಪಟ್ಟಣದ ಹತ್ತಿರದ ಕಣ್ವದಲ್ಲಿ ಆ ನಾಟಿ ಗಿಡಗಳ ಬೀಜದಿಂದ ಹುಟ್ಟಿದ ಸಸಿಗಳಲ್ಲೇ ಒಳ್ಳೆಯದನ್ನು ಆರಿಸಿ ಮಾಡಿದ ಕಣ್ವ-2 ಬಂತು, ರೈತರ ಬಾಯಲ್ಲಿ ಎಂ-5. 1997ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ವಿ-1 ಬಿಡುಗಡೆ ಮಾಡಿದರು. ನೀರಿದ್ದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 60 ಟನ್ ಸೊಪ್ಪು. ಇವತ್ತು ಎಲ್ಲೇ ವಿ-1 ತೋಟ ನೋಡಿ, ಅದರ ಪ್ರತಿ ಗಿಡವೂ ಆ ಮೊದಲ ಗಿಡದ ತುಂಡಿನ ತುಂಡಿನ ತುಂಡು.

"ಇದೂ ಹೊರಗಿಂದ್ಲೇ ಬಂದದ್ದಲ್ವಾ ಮಾವ, ಲಂಟಾನ ಥರ?" ಅಂದೆ. ನನ್ನ ವಾದ ಗೆದ್ದಿತು ಅಂತ ಖುಷಿಯಲ್ಲಿದ್ದೆ.

ಮಾವ ಮಾತಾಡದೆ ತೋಟದ ಮೂಲೆಗೆ ಕರೆದುಕೊಂಡು ಹೋದರು. ಬೇಲಿಯ ತಂತಿ ಬಿದ್ದುಹೋದ ಜಾಗ. ಹಿಂದಿನ ರಾತ್ರಿ ಯಾರದೋ ಮೇಕೆಗಳು ನುಗ್ಗಿ ಎರಡು ಸಾಲು ಹಿಪ್ಪುನೇರಳೆಯನ್ನು ಬರೀ ಕಡ್ಡಿ ಮಾಡಿದ್ದವು. ಅದೇ ಬೇಲಿಯ ಆಚೆ ಆಳೆತ್ತರದ ಲಂಟಾನ ಒಂದೆಲೆಯೂ ಹರಿಯದೆ ಹೂ ಬಿಟ್ಟು ನಿಂತಿತ್ತು. "ಇದ್ನ ಹುಳ ತಿಂತದ, ಮೇಕ ತಿಂತದ, ಹಸ ತಿಂತದ. ನಾ ಕಾಯ್ದೆ ಹೋದ್ರ ಎರಡ್ ವರ್ಸಕ್ಕ ಇಲ್ಲಿ ಏನೂ ಇರಲ್ಲ. ಅದ್ನ ಯಾರ್ ತಿಂದರು?"

ನನ್ನ ವಾದ ಅಲ್ಲಿಗೆ ಮುಗಿಯಿತು. ಗಿಡ ಹೊರಗಿನದೋ ಒಳಗಿನದೋ ಅನ್ನುವುದಷ್ಟೇ ಪ್ರಶ್ನೆ ಅಲ್ಲ. ನಾವು ಕೈ ಬಿಟ್ಟ ಮೇಲೆ ಅದು ಏನು ಮಾಡುತ್ತದೆ? ಹಿಪ್ಪುನೇರಳೆ ಮನುಷ್ಯನ ಕೈಯಲ್ಲೇ ಬದುಕುವ ಗಿಡ. ಕತ್ತರಿಸಬೇಕು, ಗೊಬ್ಬರ ಹಾಕಬೇಕು, ಕಾಯಬೇಕು. ಲಂಟಾನಕ್ಕೆ ನಾವು ಬೇಕಾಗಿದ್ದದ್ದು ಹಡಗು ಹತ್ತಿಸೋಕೆ ಮಾತ್ರ. ಅದರ ಎಲೆಯಲ್ಲಿರುವ ವಿಷ ದನ, ಕುರಿಗಳ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ನನ್ನ ಪಟ್ಟಿಯ 'ಮೇಕೆ ಬಾಯಿ ಹಾಕಲ್ಲ' ಅನ್ನುವ ಹಸಿರು ಟಿಕ್ಕಿನ ಅರ್ಥ ಅದು.

ಆ ಟಿಕ್ಕುಗಳೆಲ್ಲ ಕಾಡಿನಲ್ಲಿ ಏನಾದವು ಅಂತ ತಿಳಿಯೋಕೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದು ಸೋಲಿಗರ ನೆಲ. 1974ರಲ್ಲಿ ಈ ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದರು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 1974ಕ್ಕೆ ಮುಂಚೆ ಸೋಲಿಗರು ಬೇಸಿಗೆ ಏರುವ ಮೊದಲೇ ಕಾಡಿನ ನೆಲದ ಒಣ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ತರಗು ಬೆಂಕಿ ಅನ್ನುತ್ತಾರೆ. ನೆಲದಲ್ಲಿ ಇನ್ನೂ ಪಸೆ ಇರುವ ಕಾಲವಾದ್ದರಿಂದ ಅದು ಮರ ಸುಡುವ ಬೆಂಕಿಯಲ್ಲ. ತರಗೆಲೆ, ಎಳೆ ಪೊದೆ ಸುಟ್ಟು ಮೊದಲ ಮಳೆಗೆ ಹುಲ್ಲು ಚಿಗುರುತ್ತಿತ್ತು. ವನ್ಯಜೀವಿಧಾಮವಾದ ಮೇಲೆ ಬೆಂಕಿ ಇಡುವುದು ಅಪರಾಧವಾಯಿತು. ಬೆಂಕಿ ನಿಂತ ಮೇಲೇ ಲಂಟಾನ ಮಿತಿಮೀರಿತು ಅಂತ ಸೋಲಿಗ ಹಿರಿಯರು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಈ ಬೆಟ್ಟದಲ್ಲಿ ಲಂಟಾನ ಹರಡಿದ್ದನ್ನು ಅಳೆದು 2012ರಲ್ಲಿ ಪ್ರಕಟಿಸಿದರು. 1997ರಲ್ಲಿ ಕಾಡಿನ ಉದ್ದಗಲಕ್ಕೂ ಗುರುತು ಹಾಕಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಹೋಗಿ ನೋಡಿದರು. ಮೊದಲ ಸಲ 100ರಲ್ಲಿ 41 ಕಡೆ ಲಂಟಾನ ಇತ್ತು. ಎರಡನೇ ಸಲ 81 ಕಡೆ. ಮೊದಲು ಕಾಡಿನ 20 ಕಾಂಡಗಳಲ್ಲಿ ಒಂದು ಲಂಟಾನದ್ದು. ಹನ್ನೊಂದು ವರ್ಷದ ಮೇಲೆ ಮೂರರಲ್ಲಿ ಒಂದು. ನಾನು ಶಾಲೆಗೆ ಹೋಗುತ್ತಾ ಬೆಳೆದ ವರ್ಷಗಳು ಅವು. ಕಣ್ಣೆದುರಿಗಿನ ಬೆಟ್ಟದಲ್ಲಿ ಇಷ್ಟಾಗುತ್ತಿತ್ತು, ನಾವು ಶಾಲಾ ಪ್ರವಾಸಕ್ಕೆ ಹೋದಾಗ ಅದೇ ಪೊದೆಯ ಹೂ ಕಿತ್ತು ಬುಡದ ಸಿಹಿ ಚೀಪುತ್ತಿದ್ದೆವು.

ಪೊದೆ ದಟ್ಟವಾದರೆ ಕೆಳಗೆ ಹುಲ್ಲು ಬರಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ನೆಲ್ಲಿ ಮರದ ಕೆಳಗೆ ಸಸಿ ಏಳುವುದಿಲ್ಲ, ನೆಲ್ಲಿಕಾಯಿ ತರಲು ಹೋಗುವ ಸೋಲಿಗರಿಗೆ ದಾರಿ ಇಲ್ಲ. ಮುಂದೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಪೊದೆಯ ಮರೆಯಲ್ಲಿ ಕಾಣಿಸಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ, ಹಿಂದೆ ನೆಲದಲ್ಲೇ ಹರಿದು ಹೋಗುತ್ತಿದ್ದದ್ದು ಈಗ ಒಣ ಲಂಟಾನ ಹತ್ತಿ ಮರದ ತಲೆಗೆ ಏರುತ್ತದೆ. ಇದು ನಮ್ಮ ಬೆಟ್ಟದ ಕಥೆ ಮಾತ್ರ ಅಲ್ಲ. ಭಾರತದ ಹುಲಿ ಕಾಡುಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು 1,54,000 ಚದರ ಕಿಲೋಮೀಟರ್ ಕಾಡಿನಲ್ಲಿ ಲಂಟಾನ ಇದೆ ಅಂತ ಅಂದಾಜು ಮಾಡಿದೆ. ನಮ್ಮ ಕರ್ನಾಟಕದ ಒಟ್ಟು ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಹೋಲಿಸಿ ನೋಡಿ.

ಇದನ್ನು ಯಾರೂ ಸುಮ್ಮನೆ ನೋಡಿಕೊಂಡಿರಲಿಲ್ಲ. 1916ರಿಂದ 1919ರವರೆಗೆ ವೈ. ರಾಮಚಂದ್ರ ರಾವ್ ಎಂಬ ಕೀಟತಜ್ಞರು ಲಂಟಾನ ತಿನ್ನುವ ಹುಳಗಳು ನಮ್ಮಲ್ಲೇ ಇವೆಯೇ ಅಂತ ದೇಶವಿಡೀ ಹುಡುಕಿದರು. ಗಿಡವನ್ನು ಹಿಡಿತಕ್ಕೆ ತರುವಂಥದ್ದು ಸಿಗಲಿಲ್ಲ. 1921ರಲ್ಲಿ ಹವಾಯಿಯಿಂದ ಬೀಜ ತಿನ್ನುವ ಒಂದು ನೊಣ ತರಿಸಿದರು. 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ಒಂದು ತಿಗಣೆ ತರಿಸಿ ಡೆಹ್ರಾಡೂನಿನಲ್ಲಿ ಬಂದೋಬಸ್ತಿನಲ್ಲಿಟ್ಟು ಪರೀಕ್ಷಿಸಿದರು. ಅದು ತೇಗದ ಹೂವಿಗೂ ಬಾಯಿ ಹಾಕಿತು. ಗಾಬರಿಯಾಗಿ ಎಲ್ಲವನ್ನೂ ನಾಶ ಮಾಡಿಸಿದರು. ಹತ್ತು ವರ್ಷದ ಮೇಲೆ ನೋಡಿದರೆ ಹುಳ ಹೊರಗೆ ಓಡಾಡಿಕೊಂಡಿತ್ತು. ಹೇಗೋ ತಪ್ಪಿಸಿಕೊಂಡಿತ್ತು. ಲಂಟಾನಕ್ಕೆ ಮಾತ್ರ ಏನೂ ಆಗಲಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಒದ್ದೆ ನೆಲ ಮುಟ್ಟಿದ ಕೊಂಬೆ ಬೇರು ಬಿಡುತ್ತದೆ. ನಾನು ಕೋಕೋಪೀಟ್‌ನಲ್ಲಿ ಮಾಡುವುದನ್ನು ಅದು ಕಾಡಿನಲ್ಲಿ ತಾನೇ ಮಾಡಿಕೊಳ್ಳುತ್ತದೆ.

ಈ ಸೋಲಿನ ಕಥೆಯಲ್ಲಿ ಒಂದು ಬೇರೆ ದಾರಿ ಹೊರಟದ್ದು ಹನೂರು ತಾಲ್ಲೂಕಿನಿಂದ. 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ಜೊತೆ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡಲು ಶುರು ಮಾಡಿದರು. ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿದರೆ ಬೆತ್ತದ ಹಾಗೆ ಮಾತು ಕೇಳುತ್ತದೆ. ಗೆದ್ದಲಿಗೂ ಅದು ಅಷ್ಟಾಗಿ ಸೇರುವುದಿಲ್ಲ. ಯಾರೂ ತಿನ್ನದಿರುವುದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಆಳೆತ್ತರ ಮೀರಿದ ಆನೆಗಳ ಹಿಂಡು ನಿಂತ ಚಿತ್ರ ನೀವೂ ನೋಡಿರಬಹುದು. ನೀಲಗಿರಿಯ ಆದಿವಾಸಿಗಳು ಲಂಟಾನದ ಕಡ್ಡಿಯಿಂದಲೇ ಹೆಣೆದ ಆನೆಗಳು ಅವು. ಯುರೋಪಿನಿಂದ ಗಿಡವಾಗಿ ಬಂದದ್ದು ಆನೆಯಾಗಿ ವಾಪಸ್ ಹೋಯಿತು. ಆದರೆ ಇಷ್ಟು ಕುರ್ಚಿ, ಇಷ್ಟು ಆನೆ ಮಾಡಿದರೂ ಕಾಡು ಖಾಲಿ ಆಗಲ್ಲ ಅನ್ನುವುದು ಮಾಡುವವರಿಗೇ ಗೊತ್ತು. ಒಂದಿಷ್ಟು ಮನೆಗಳಿಗೆ ಕೂಲಿ ಸಿಕ್ಕಿತು, ಒಂದಿಷ್ಟು ನೆಲ ತೆರವಾಯಿತು. ಅಷ್ಟೂ ದೊಡ್ಡದೇ.

ಈಗ ಮತ್ತೆ ನನ್ನ 150 ಗಿಡಕ್ಕೆ ಬರೋಣ.

'ನರ್ಸರಿ ಲಂಟಾನ ಬೇರೆ, ಕಾಡಿನದ್ದು ಬೇರೆ' ಅನ್ನುವುದು ಈ ವ್ಯಾಪಾರದ ಮಾಮೂಲಿ ಉತ್ತರ. ನಾನೂ ಹಾಗೇ ಹೇಳಿಕೊಂಡಿದ್ದೆ. ಕೆಲವು ಹೈಬ್ರಿಡ್‌ಗಳು ಬೀಜ ಕಟ್ಟುವುದು ಕಮ್ಮಿ, ನಿಜ. ಆದರೆ ಅಂಥವುಗಳ ಪರಾಗ ಕಾಡಿನ ಲಂಟಾನದ ಜೊತೆ ಬೆರೆಯಬಹುದು. ನನ್ನ ತಾಯಿಗಿಡವನ್ನೇ ಹೋಗಿ ನೋಡಿದೆ. ಹಸಿರು, ಕಪ್ಪು ಹಣ್ಣು ಗೊಂಚಲು ಗೊಂಚಲಾಗಿ ಇದ್ದವು. ಎರಡು ವರ್ಷ ಅದರ ಕಡ್ಡಿ ಕತ್ತರಿಸಿದ್ದೀನಿ, ಹಣ್ಣು ಕಣ್ಣಿಗೇ ಬಿದ್ದಿರಲಿಲ್ಲ.

ಹೋಂಸ್ಟೇಯವರಿಗೆ ಫೋನ್ ಮಾಡಿ ಆಗಲ್ಲ ಅಂದೆ. ಕಾರಣ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, "ಮೇಡಂ, ಬೆಟ್ಟದ ತುಂಬಾ ಅದೇ ಇದೆಯಲ್ಲ, ನಮ್ಮ 150ರಿಂದ ಏನಾಗುತ್ತೆ?" ಅಂದರು. ಇದಕ್ಕೆ ನನ್ನ ಹತ್ತಿರ ಪಟ್ಟಂತ ಉತ್ತರ ಇರಲಿಲ್ಲ. ಕಲ್ಕತ್ತೆಗೆ ಬಂದಾಗ 150 ಇದ್ದವೋ, 15 ಇದ್ದವೋ ಅಂತ ಆಮೇಲೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತು. ಅವರಿಗೆ ಕನಕಾಂಬರ, ಗೋರಂಟೆ ಕೊಡ್ತೀನಿ ಅಂದೆ. ಎರಡೂ ನಮ್ಮ ಕಡೆಯವೇ. ಗೋರಂಟೆ ಕಡ್ಡಿಯಿಂದ ಬರುತ್ತದೆ, ಬೇಲಿಗೂ ಒಗ್ಗುತ್ತದೆ. ಕನಕಾಂಬರದ ಒಣ ಕಾಯಿಗೆ ನೀರು ಸೋಕಿದರೆ ಚಟ್ ಅಂತ ಸಿಡಿದು ಬೀಜ ಚೆಲ್ಲುತ್ತದೆ, ಚಿಕ್ಕಂದಿನಲ್ಲಿ ಅದನ್ನು ಎಂಜಲು ಮಾಡಿ ಒಬ್ಬರ ಮೇಲೊಬ್ಬರು ಎಸೆದಿದ್ದೇವೆ. 'ನೋಡೋಣ' ಅಂದರು. ಮತ್ತೆ ಫೋನ್ ಬರಲಿಲ್ಲ. ಮುಂಗಡ ವಾಪಸ್ ಹಾಕಿದೆ.

ಆ ನಷ್ಟಕ್ಕಿಂತ ಹೆಚ್ಚು ಕಾಡಿದ್ದು ನನ್ನದೇ ಎಕ್ಸೆಲ್ ಶೀಟ್. ಎರಡು ವರ್ಷದಲ್ಲಿ ಲಂಟಾನ ಎಲ್ಲೆಲ್ಲಿಗೆ ಕಳಿಸಿದ್ದೀನಿ ಅಂತ ಫಿಲ್ಟರ್ ಹಾಕಿ ನೋಡಿದೆ. ಬಹುಪಾಲು ಬೆಂಗಳೂರು, ಮೈಸೂರಿನ ಬಾಲ್ಕನಿಗಳು. ಆದರೆ ಹನ್ನೊಂದು ಪಾರ್ಸೆಲ್ ಕೊಡಗು, ವಯನಾಡು, ಚಿಕ್ಕಮಗಳೂರಿಗೆ ಹೋಗಿದ್ದವು. ಕಾಡಿನ ಮಗ್ಗುಲಿಗೆ. ಹನ್ನೊಂದು ಜನಕ್ಕೂ ಮೆಸೇಜ್ ಮಾಡಿದೆ. ತಪ್ಪಾಗಿದೆ, ದಯವಿಟ್ಟು ಗಿಡವನ್ನು ಬೇರು ಸಮೇತ ಕಿತ್ತು ಒಣಗಿಸಿ, ಬದಲಿಗೆ ಬೇರೆ ಗಿಡ ಉಚಿತವಾಗಿ ಕಳಿಸ್ತೀನಿ ಅಂತ. ನಾಲ್ಕು ಜನ ಕಿತ್ತು ಫೋಟೋ ಕಳಿಸಿದರು. ಆರು ಜನ ಉತ್ತರ ಕೊಡಲಿಲ್ಲ. ಒಬ್ಬರು ಮಾತ್ರ ಬರೆದರು: 'ಅಯ್ಯೋ, ತುಂಬಾ ಚೆನ್ನಾಗಿ ಬಂದಿತ್ತಲ್ಲ, ಪಕ್ಕದ ತೋಟದವರಿಗೂ ಕಡ್ಡಿ ಕೊಟ್ಟಿದ್ದೀನಿ.'

ವ್ಯಾಪಾರ ನಿಲ್ಲಿಸಿಲ್ಲ. ಈಗ ಹೊಸ ಗಿಡವನ್ನು ಪಟ್ಟಿಗೆ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ತೀನಿ. ನಿಮ್ಮಲ್ಲೂ ಬಾಲ್ಕನಿಯಲ್ಲಿ ಕಡ್ಡಿ ಚುಚ್ಚಿ ಮಾರುವವರು ಬಹಳ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಹೇಳ್ತಿದ್ದೀನಿ. ಒಂದು, ಇದರ ಹಣ್ಣನ್ನು ಹಕ್ಕಿ ಒಯ್ಯುತ್ತದೆಯೇ, ಬೀಜವನ್ನು ಗಾಳಿ, ನೀರು ಒಯ್ಯುತ್ತವೆಯೇ? ಎರಡು, ನಮ್ಮ ನೆಲದಲ್ಲಿ ಇದನ್ನು ತಿನ್ನುವವರು ಯಾರಾದರೂ ಇದ್ದಾರೆಯೇ? ಮೂರು, ಬೇರೆ ಯಾವುದಾದರೂ ದೇಶದಲ್ಲಿ ಇದು ಬೇಲಿ ಹಾರಿದೆಯೇ? ಮೂರನೆಯದಕ್ಕೆ ಫೋನಿನಲ್ಲೇ ಉತ್ತರ ಸಿಗುತ್ತದೆ, ಐದು ನಿಮಿಷ ಸಾಕು. ಎರಡನೆಯದಕ್ಕೆ ನಾನು ಮಾವನನ್ನು ಕೇಳ್ತೀನಿ.

ತಾಯಿಗಿಡವನ್ನು ಆ ತಿಂಗಳೇ ಕಿತ್ತೆವು. ಅಮ್ಮನಿಗೆ ಬೇಜಾರಾಯಿತು, ಅಷ್ಟು ಚೆನ್ನಾಗಿ ಹೂ ಬಿಡುತ್ತಿತ್ತು. ಆ ಜಾಗದಲ್ಲಿ ಮಾವ ಕೊಟ್ಟ ಒಂದು ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದೀವಿ. ಎರಡು ಸಲ ಮೇಕೆ ತಿಂದು ಹೋಯಿತು. ಮೂರನೇ ಸಲ ಚಿಗುರಿದೆ, ಸುತ್ತ ಮುಳ್ಳು ಕಟ್ಟಿದ್ದೀವಿ.